ಡಂಕಣನ ನಿರಾಕರಣೆ: ಕೈದಾಳದ ಐತಿಹ್ಯದಲ್ಲಿ ಪ್ರತಿರೋಧದ ನೆಲೆಗಳು

ಜನಪದ ಕಥನಗಳಲ್ಲಿ ಹಿರಿಯರ ಮಾತನ್ನು ಮೀರಿದವರು ಬಹುಮಟ್ಟಿಗೆ ಶಿಕ್ಷೆಗೆ ಗುರಿಯಾಗುತ್ತಾರೆ, ಇಲ್ಲವೆ ದೈವವಾಗಿ ಪೂಜೆಗೊಳ್ಳುತ್ತಾರೆ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಸಮೀಪವಿರುವ ಕೈದಾಳದ ಐತಿಹ್ಯ ಇವೆರಡಕ್ಕೂ ಹೊರತಾದುದು. ಇಲ್ಲಿ ಮೀರಿದ ಹುಡುಗನ ಮಾತೇ ನಿಜವಾಗುತ್ತದೆ. ಆದರೂ ಈ ಐತಿಹ್ಯವನ್ನು ತಂದೆಯ ಕಥೆಯಾಗಿಯೇ ಓದುತ್ತ ಬರಲಾಗಿದೆ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರವಾಗಲಿ, ರಾಜ್ಯ ಸರ್ಕಾರದ ಶಿಲ್ಪಕಲಾ ಪ್ರಶಸ್ತಿಯಾಗಲಿ ಹೊತ್ತಿರುವುದು ಜಕಣನ ಹೆಸರನ್ನು. ಡಂಕಣ ಮಗನೆಂಬ ಸ್ಥಾನದಲ್ಲಿಯೇ ಉಳಿದಿದ್ದಾನೆ.

ಕಥೆ ಪರಿಚಿತವಾದುದು. ಊರು ಬಿಟ್ಟುಹೋದ ಜಕಣ ಬೇಲೂರಿನಲ್ಲಿ ಮಹಾಶಿಲ್ಪಿಯಾಗಿ ಮೆರೆಯುತ್ತಾನೆ. ತಂದೆಯನ್ನು ಅರಸುತ್ತ ಬಂದ ಡಂಕಣ, ಆತ ಯಾರೆಂದರಿಯದೆ, ಎಲ್ಲರೂ ಕೊಂಡಾಡುತ್ತಿರುವ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷವಿದ್ದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವುದಾಗಿ ಜಕಣ ಪಣ ತೊಡುತ್ತಾನೆ. ವಿಗ್ರಹಕ್ಕೆ ಗಂಧ ಬಳಿದಾಗ ಹೊಕ್ಕುಳ ಭಾಗವೊಂದು ಒಣಗುವುದಿಲ್ಲ. ಅಲ್ಲಿ ಉಳಿ ತಾಗಿಸಿದೊಡನೆ ನೀರಿನೊಂದಿಗೆ ಕಪ್ಪೆ ಹೊರಬೀಳುತ್ತದೆ. ಜಕಣ ಕೈ ಕಳೆದುಕೊಳ್ಳುತ್ತಾನೆ. ಮುಂದೆ ಹುಟ್ಟೂರಾದ ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂದು, ಊರು ಕೈದಾಳವಾಗುತ್ತದೆ.

ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ಬೇಲೂರಿನ ದೇವಾಲಯ 1117ರದು. ಅಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ರುಜುಗಳಿವೆ, ಜಕಣನದಿಲ್ಲ. ಕೈದಾಳದ ಗುಡಿಯನ್ನು ಹನ್ನೆರಡನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದವನು ಒಂದನೆಯ ನರಸಿಂಹನ ಸಾಮಂತ ಬಾಚಿ. ಆದುದರಿಂದ ಕೇಳಬೇಕಾದ ಪ್ರಶ್ನೆ ಘಟನೆ ನಡೆಯಿತೇ ಎಂಬುದಲ್ಲ. ಎಲ್ಲರೂ ತಲೆದೂಗುತ್ತಿರುವಾಗ ಒಬ್ಬನು ಒಪ್ಪದಿರುವುದು ಹೇಗೆ ಸಾಧ್ಯವೆಂದು ಜನಪದರು ಬಗೆದರು ಎಂಬುದು.

ಐತಿಹ್ಯವು ಇದನ್ನು ಹುಡುಗನ ಎದೆಗಾರಿಕೆಯೊಂದರಿಂದಲೇ ವಿವರಿಸುವುದಿಲ್ಲ. ಮೊದಲನೆಯದಾಗಿ, ಡಂಕಣ ಹೊರಗಿನಿಂದ ಬಂದವನು. ಗುರುವಿನ ಋಣವಾಗಲಿ ಕೂಲಿಯ ಹಂಗಾಗಲಿ ಅವನಿಗಿಲ್ಲ. ಎರಡನೆಯದಾಗಿ, ಅವನಿಗೆ ಕಸುಬು ಗೊತ್ತು. ಅವನ ಮಾತಿಗೆ ಕಲ್ಲು ಆಧಾರ. ಮೂರನೆಯದಾಗಿ, ಗಂಧದ ಪರೀಕ್ಷೆ ಎಲ್ಲರ ಕಣ್ಣೆದುರು ನಡೆಯುತ್ತದೆ. ಅದರ ತೀರ್ಪಿಗೆ ಯಜಮಾನನೂ ತಲೆಬಾಗುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ಪ್ರಯೋಗಗಳನ್ನು ನಡೆಸಿದನು. ಗುಂಪು ಒಕ್ಕೊರಲಿನಿಂದ ತಪ್ಪು ಹೇಳಿದಾಗ ಅನೇಕರು ಕಣ್ಣಾರೆ ಕಂಡುದನ್ನೂ ಬಿಟ್ಟುಕೊಟ್ಟರು. ಜೊತೆಗೆ ಒಬ್ಬನಾದರೂ ಸರಿಯಾದುದನ್ನು ನುಡಿದಾಗ ಹಾಗೆ ಮಣಿಯುವುದು ಬಹಳ ಕಡಿಮೆಯಾಯಿತು. ಡಂಕಣನಿಗೆ ಜೊತೆಯಾದುದು ಒಣಗದೆ ಉಳಿದ ಗಂಧ.

‘ಕೆರೆಗೆ ಹಾರ’ದ ಭಾಗೀರಥಿಯನ್ನು ಇವನ ಪಕ್ಕದಲ್ಲಿರಿಸಿ ನೋಡಿದರೆ ಈ ಅಂಶ ಇನ್ನೂ ಸ್ಪಷ್ಟವಾಗುತ್ತದೆ. ತನ್ನನ್ನು ಕೆರೆಗೆ ಬಲಿಕೊಡುವರೆಂಬುದು ಅವಳಿಗೂ ತಿಳಿದಿದೆ. ತಿಳಿವಳಿಕೆಯಲ್ಲಿ ಅವಳು ಡಂಕಣನಿಗಿಂತ ಕಡಿಮೆಯವಳಲ್ಲ. ಆದರೆ ಹೆತ್ತವರಿಗೆ ಅವಳು ನಿಜ ಹೇಳಲಾರಳು. ನಿಜ ಕೇಳಿದ ಗೆಳತಿಯೂ ಅತ್ತೆಮನೆಯವರು ಇರಿಸಿದಂತೆ ಇರಬೇಕೆಂದೇ ಬುದ್ಧಿ ಹೇಳುತ್ತಾಳೆ. ಜೋಯಿಸರ ಮಾತನ್ನು ಒರೆಗೆ ಹಚ್ಚಬಲ್ಲ ಗಂಧ ಸೊಸೆಯ ಕೈಯಲ್ಲಿಲ್ಲ. ಅವಳ ಮೌನವನ್ನು ತ್ಯಾಗವೆಂದು ಹೊಗಳುವ ವಿಮರ್ಶೆ ಗೆಳತಿಯ ಮಾತನ್ನೇ ಮುಂದುವರಿಸುತ್ತದೆ.

ಈ ವ್ಯತ್ಯಾಸ ಕಥನಕ್ಕಷ್ಟೇ ಸೀಮಿತವಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಕಟ್ಟಳೆಯಂತೆ ಬಾಣಂತಿಯೊಂದಿಗೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಇಂಥ ಸಂದರ್ಭದಲ್ಲಿ ತಾಯಿ ಏಕೆ ಎದುರು ಮಾತಾಡಲಿಲ್ಲವೆಂದು ಕೇಳುವುದು ಸುಲಭ. ಅವಳೊಡನೆ ಯಾರು ನಿಂತಿದ್ದರು, ಅವಳ ಮಾತಿಗೆ ಯಾವ ಪರೀಕ್ಷೆ ಒದಗಿತ್ತು ಎಂದು ಕೇಳುವುದನ್ನು ಕೈದಾಳದ ಕಥೆ ಕಲಿಸುತ್ತದೆ.

ಐತಿಹ್ಯಕ್ಕೂ ಮಿತಿಯಿದೆ. ಎದುರಾಡಿದವನು ಕೊನೆಗೆ ಸ್ವಂತ ಮಗನೇ ಆಗುವುದರಿಂದ ಭಿನ್ನಮತ ಮನೆತನದೊಳಗೆ ಕರಗುತ್ತದೆ, ಕೈಯೂ ಮರಳುತ್ತದೆ. ಅಪರಿಚಿತನಾಗಿಯೇ ಉಳಿದಿದ್ದರೆ ಡಂಕಣನನ್ನು ಜನಪದರು ನೆನೆಯುತ್ತಿದ್ದರೇ ಎಂಬುದು ಸಂದೇಹಾಸ್ಪದ. ಆದರೂ ನಿರಾಕರಣೆಗೆ ಗಟ್ಟಿತನವೊಂದೇ ಸಾಲದು, ಅರಿವೂ ಒರೆಗಲ್ಲೂ ಸೋಲನ್ನು ಒಪ್ಪುವ ಹಿರಿಯರೂ ಬೇಕೆಂಬ ತಿಳಿವು ಈ ಕಥನದ್ದು. ಜಕಣ ತನ್ನ ಪಣವನ್ನು ಉಳಿಸಿಕೊಂಡನೆಂಬುದೇ ಅವನ ಕೀರ್ತಿಗೆ ನಿಜವಾದ ಕಾರಣವೆಂದು ಹೇಳಬಹುದು.