ಕೂರಿಗೆಗೆ ಕೂರಿಗೆ ಅಂತಲೇ ಬರೀರಿ

ಸಣ್ಣ ಮಾದರಿ ಮಾಡುವ ಹವ್ಯಾಸ ನಮ್ಮ ಕಡೆ ಹೊಸದಲ್ಲ. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಆವತ್ತು ಮನೆಮನೆಯಾಗ ಮಣ್ಣಿನ ಎತ್ತು. ಜೋಳದ ದಂಟಿನ ಬೆಂಡಿನಲ್ಲಿ ಬಂಡಿ ಮಾಡಿ ಆಡದ ಹುಡುಗ ನನ್ನ ವಾರಿಗೆಯವರಲ್ಲಿ ಯಾರೂ ಇಲ್ಲ. ಈಗ ಸಾಲಿ ಹುಡುಗರು, ಅವರ ಜೊತೆ ಕೆಲವು ದೊಡ್ಡವರೂ, ಕಟ್ಟಿಗೆ ಬಿದಿರು ರಟ್ಟು ಹಿಡಿದು ಬಂಡಿ, ಕೂರಿಗೆ, ಕುಂಟೆ, ನಮ್ಮೂರ ದಸರಾ ಪಂದ್ಯದ ಕುದುರೆ ಇವನ್ನೆಲ್ಲ ಮಾಡಿ ವಾಚನಾಲಯದ ಮೇಜಿನ ಮೇಲೆ ಇಡುತ್ತಾರೆ. ಕೈಕೆಲಸ ಚಲೋ ಇರ್ತದ. ನನ್ನ ತಕರಾರು ಅದರ ಮುಂದೆ ಇಡುವ ಚೀಟಿ ಬಗ್ಗೆ.

ಚೀಟಿ ಬರೆಯುವುದಕ್ಕೆ ಒಂದು ಕ್ರಮ ಐತಿ. ಮೊದಲು ವಸ್ತುವಿನ ಹೆಸರು. ಆಮೇಲೆ ಇದು ನಿಜವಾದದ್ದರ ಎಷ್ಟನೇ ಪಾಲು ಅನ್ನುವುದು. ಆಮೇಲೆ ಯಾತರಿಂದ ಮಾಡಿದ್ದು. ಕಡೆಗೆ ಮಾಡಿದವರ ಹೆಸರು. ಇಷ್ಟು ಬರೆಯೋಕೆ ನಾಲ್ಕು ಸಾಲು ಸಾಕು. ಆದರೆ ಮೇಜಿನ ಮೇಲೆ ನಾನು ಕಂಡದ್ದೇ ಬೇರೆ. ಒಂದು ಕೂರಿಗೆಯ ಮುಂದೆ 'ಅನ್ನದಾತನ ಬೆವರು'. ಪಕ್ಕದ ಕುಂಟೆಗೆ 'ಭೂತಾಯಿಯ ಮಡಿಲು'. ಇನ್ನೊಂದು ಕೂರಿಗೆಗೆ 'ಸೀಡ್ ಡ್ರಿಲ್' ಅಂತ ಬರೆದು ಮುಗಿಸಿದ್ದಾರೆ. ಒಂದು ಚೀಟಿಯಲ್ಲಂತೂ ಮಾಡಿದವನ ಹೆಸರು ಬೆರಳುದ್ದ, ಮಾಡಿದ ವಸ್ತುವಿನ ಹೆಸರೇ ಇಲ್ಲ!

ಬೆವರು ಅಂದರೆ ಕೂರಿಗೆಗೂ ಬೆವರು, ಕುಡುಗೋಲಿಗೂ ಬೆವರು. ಆ ಚೀಟಿ ತೆಗೆದು ಬಂಡಿಯ ಮುಂದೆ ಇಟ್ಟರೂ ನಡೀತದ. ಯಾವ ವಸ್ತುವಿನ ಮುಂದೆ ಇಟ್ಟರೂ ನಡೆಯುವ ಹೆಸರು ಯಾವ ವಸ್ತುವಿನದೂ ಅಲ್ಲ. ಎತ್ತಿನ ಕೂರಿಗೆ ಹಿಡಿದವರನ್ನು ಈಗ ಬೆರಳಲ್ಲಿ ಎಣಿಸಬಹುದು, ಬಿತ್ತನೆ ಟ್ರ್ಯಾಕ್ಟರಿಗೆ ಹೋಗೇತಿ. ಎಂಟನೇ ತರಗತಿ ಹುಡುಗಿ ಕೂರಿಗೆ ನೋಡೋದು ಆ ಮೇಜಿನ ಮೇಲೆ ಮಾತ್ರ. ಅಲ್ಲೂ ಅದರ ಹೆಸರು ಸಿಗದಿದ್ದರೆ ಆಕೆ ಮನೆಗೆ ಹೋಗಿ ತಾತನ್ನ ಏನಂತ ಕೇಳಬೇಕು? 'ತಾತ, ಬೆವರು ಅಂದರೆ ಏನು' ಅಂತಲೇ?

'ಸೀಡ್ ಡ್ರಿಲ್' ಅನ್ನುವುದು ಸುಳ್ಳಲ್ಲ, ಆದರೆ ಟ್ರ್ಯಾಕ್ಟರಿಗೆ ಕಟ್ಟುವುದಕ್ಕೂ ಅದೇ ಹೆಸರು. ಬರೇ 'ಕೂರಿಗೆ' ಅಂದರೂ ನನಗೆ ಸಾಲದು. ಎಷ್ಟು ತಾಳಿನದು? ಸಾಲಿಗೂ ಸಾಲಿಗೂ ಅಂತರ ಎಷ್ಟು? ಸೇಂಗಾ ಬಿತ್ತಲು ಒಂದಡಿ, ಜೋಳಕ್ಕೆ ಒಂದೂವರೆ ಅಡಿ. ತಾಳು ಎಷ್ಟು ದೂರ ನಾಟ್ಯಾರೆ ಅನ್ನೋದರ ಮೇಲೆ ಆ ಕೂರಿಗೆ ಯಾವ ಬೆಳೆಗೆ ಅಂತ ಗೊತ್ತಾಗೋದು. 'ಮೂರು ತಾಳಿನ ಕೂರಿಗೆ, ಒಂದಡಿ ಸಾಲಿನದು, ಹತ್ತರಲ್ಲಿ ಒಂದು ಪಾಲು' ಅಂತ ಬರೆದರೆ ತಾಳುಗಳ ನಡುವೆ ಒಂದು ಇಂಚಿಗಿಂತ ಚೂರು ಹೆಚ್ಚು ಇರಬೇಕು. ಇಲ್ಲದಿದ್ದರೆ ನೋಡಿದವರು ಹಿಡಿದು ಕೇಳುತ್ತಾರೆ. ಚೀಟಿ ಸರಿಯಾಗಿದ್ದರೆ ತಾನೇ ತಪ್ಪು ಕಾಣೋದು. 'ಬೆವರು' ಅಂತ ಬರೆದವನನ್ನು ಯಾರೂ ಏನೂ ಕೇಳೋಹಂಗಿಲ್ಲ. ಕೆಲವರು ಆ ಹೆಸರು ಹುಡುಕೋದು ಅದಕ್ಕೇ ಅಂತ ನನಗೆ ಗುಮಾನಿ.

ಹೊರಗಿನವರು ಈ ಕೆಲಸ ನಮಗಿಂತ ನಿಯತ್ತಿನಿಂದ ಮಾಡಿದ್ದುಂಟು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕಂಪನಿ ಸರ್ಕಾರ ಬುಕನನ್ ಎಂಬ ವೈದ್ಯನನ್ನು 1800ರಲ್ಲಿ ಮೈಸೂರು ಸೀಮೆ ನೋಡಿ ಬರಲು ಕಳಿಸಿತು. 1807ರಲ್ಲಿ ಆತನ ಪುಸ್ತಕ ಅಚ್ಚಾಯಿತು. ಅದರಲ್ಲಿ ಕೂರಿಗೆಯನ್ನು ಕೂರಿಗೆ, ಕುಂಟೆಯನ್ನು ಕುಂಟೆ ಅಂತಲೇ, ಕಿವಿಗೆ ಬಿದ್ದಂಗ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಾನೆ. ಬಂದದ್ದು ಕಂಪನಿಯ ಲಾಭಕ್ಕೆ, ಆ ಮಾತು ಬೇರೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ರೈತರ ಬಾಯಿಂದ ಬೇಸಾಯದ ಮಾತುಗಳನ್ನು ಕೂಡಿಸಿ 1962ರಲ್ಲಿ ಕೋಶ ಹೊರಡಿಸಿದರು. ನಮ್ಮದು ಎರಡು ಭಾಷೆ ಬೆರೆತ ಸೀಮೆ. ನಾವು ಕೂರಿಗೆ ಅಂದರೆ ಪಕ್ಕದ ಹೊಲದವರು ಗೊರ್ರು ಅನ್ನುತ್ತಾರೆ, ಕುಂಟೆಗೆ ಗುಂಟಕ ಅನ್ನುತ್ತಾರೆ. ಯಾವುದು ಮೇಲೆ ಅಂತ ಜಗಳ ಯಾಕೆ? ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿರಿ, ಜಾಗ ಐತಿ.

ಹಾಡಿನವರಿಗೆ ಇದು ಹೊಸ ಪಾಠ ಅಲ್ಲ. ನಮ್ಮ ಮಗ್ಗುಲ ಚಿಪ್ಪಗಿರಿಯಲ್ಲಿ 1755ರಲ್ಲಿ ದೇಹ ಬಿಟ್ಟ ವಿಜಯದಾಸರ ಪದಗಳನ್ನೇ ನೋಡಿರಿ. ಯಾವುದಕ್ಕೂ ತಲೆಬರಹ ಇಲ್ಲ. ಮೊದಲ ಸಾಲೇ ಪದದ ಹೆಸರು, ಕಡೆಯ ನುಡಿಯ ಅಂಕಿತವೇ ಅದರ ವಿಳಾಸ. 'ವಿಜಯವಿಠಲ' ಅಂತ ಬಂದರೆ ವಿಜಯದಾಸರದು, 'ಗೋಪಾಲವಿಠಲ' ಅಂತ ಬಂದರೆ ಅವರ ಶಿಷ್ಯರು ಗೋಪಾಲದಾಸರದು. ಭಜನೆಯಲ್ಲಿ ಯಾರಾದರೂ 'ಭಕ್ತಿಸಾಗರ ಹಾಡಪ್ಪ' ಅಂದರೆ ನಾನು ಯಾವ ಪದ ಎತ್ತಿಕೊಳ್ಳಲಿ? ಮೊದಲ ಸಾಲು ಹೇಳಿದರೆ ಹಾರ್ಮೋನಿಯಂನವನ ಬೆರಳು ತಾನೇ ಹೋಗತದ.

ಮಕ್ಕಳ ಕಲ್ಪನೆಗೆ ಕಡಿವಾಣ ಹಾಕಬೇಡಿ ಅಂತ ಒಬ್ಬ ಮಾಸ್ತರರು ನನಗೆ ಹೇಳಿದರು. ಅವರ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. 'ಬೆವರು' ಬೇಕಿದ್ದರೆ ಕೊನೆಯ ಸಾಲಿಗೆ ಬರಲಿ. ಕಲ್ಪನೆ ತೋರಿಸೋಕೆ ಕೆಲಸ ಇದ್ದೇ ಇದೆಯಲ್ಲ. ಕುದುರೆ ಮಾಡಿದ ಹುಡುಗ ಅದರ ಬಾಲ ಗಾಳಿಗೆ ಹಾರುವಂಗ ಮಾಡ್ಯಾನ. ಅದು ಕಲ್ಪನೆ.

ಕ್ರಮದ ಕಾಗದದಲ್ಲೂ ಕೊರತೆ ಐತಿ. 'ಉದ್ದೇಶ' ಅಂತ ಒಂದು ಕಲಂ ಸೇರಿಸಿದ್ದಾರೆ. ಹವ್ಯಾಸಕ್ಕೆ ಯಾವ ಉದ್ದೇಶ? ಅದನ್ನು ತೆಗೀಬೇಕು. ಅದರ ಜಾಗದಲ್ಲಿ ಎರಡು ಮಾತು ಸೇರಿಸಬೇಕು. ಒಂದು, ಜಾತ್ರೆಯಲ್ಲಿ ಕೊಂಡು ತಂದ ಬಂಡಿಗೆ ಬಣ್ಣ ಮಾತ್ರ ಬಳಿದಿದ್ದರೆ 'ಕೊಂಡದ್ದು, ಬಣ್ಣ ನನ್ನದು' ಅಂತ ಬರೆಯಬೇಕು. ಬಣ್ಣ ಬಳಿಯೋದೂ ಕೆಲಸವೇ, ನಾಚಿಕೆ ಯಾಕೆ. ಎರಡು, ಅರ್ಧಕ್ಕೆ ನಿಂತದ್ದಾದರೆ ಹಂಗೇ ಬರೆಯಬೇಕು. ಒಬ್ಬ ಹುಡುಗ 'ಒಂಟಿ ತಾಳಿನ ಕೂರಿಗೆ, ಮುಗಿದಿಲ್ಲ, ನೊಗ ಬಾಕಿ' ಅಂತ ಬರೆದಿದ್ದ. ಇಡೀ ಮೇಜಿನಲ್ಲಿ ಹಿರಿಯರು ಗುಂಪುಗೂಡಿದ್ದು ಅವನ ಮುಂದೆ. ನೊಗಕ್ಕೆ ಯಾವ ಕಟ್ಟಿಗೆ, ಈಸಿಗೆ ಎಲ್ಲಿ ಕಟ್ಟೋದು, ಬಟ್ಟಲಿನ ತೂತು ಎಷ್ಟಿರಬೇಕು ಅಂತ ಮೂವರು ಸೇರಿ ಅವನಿಗೆ ತೋರಿಸಿದರು. ಹಣ್ಣಣ್ಣ ಮುದುಕರೊಬ್ಬರು ಮನೆಗೆ ಹೋಗಿ ಅಟ್ಟದ ಮೇಲಿನ ಹಳೇ ಬಟ್ಟಲನ್ನೇ ತಂದರು. ಪೂರ್ತಿ ಆದ ಚಂದದ ಬಂಡಿಗಳ ಮುಂದೆ ನಿಂತವರು 'ಚಲೋ ಐತಿ' ಅಂದು ಮುಂದೆ ಹೋದರು.

ಮಣ್ಣೆತ್ತಿಗೂ ಚೀಟಿ ಇಡಬೇಕೇ ಅಂತ ಯಾರೋ ಕೇಳಿದ್ದರು. ಅದಕ್ಕೆ ಬೇಡ. ಅದು ಮೇಜಿಗೆ ಬರುವುದಲ್ಲ, ಜಗಲಿ ಮೇಲೆ ಕೂಡುವುದು. ಪೂಜೆ ಆದ ಮೇಲೆ ನೀರಿಗೆ ಹೋಗುತ್ತದೆ.