ಸ್ಕೇಲು ಹೇಳುವ ಸತ್ಯ

ಮಳೆಗಾಲ ಕಳೆದ ಮೇಲೆ ಸೈಕಲ್ ತೊಳೆದು ನಿಲ್ಲಿಸಿದೊಡನೆ ನಾನು ಹುಡುಕುವುದು ಒಂದು ಅಡಿಯ ಉಕ್ಕಿನ ಸ್ಕೇಲನ್ನು. ನಂದಿಬೆಟ್ಟದ ಕಡೆಯ ರಸ್ತೆಗಳ ಕೆಮ್ಮಣ್ಣು ಚೈನಿನ ಎಣ್ಣೆಗೆ ಬೆರೆತರೆ ಅರೆಯುವ ಪುಡಿಯೇ ಆಗಿಬಿಡುತ್ತದೆ. ಅದೆಷ್ಟು ತಿಂದಿದೆ ಎಂಬುದು ಬರಿಗಣ್ಣಿಗೆ ಕಾಣದು.

ಚೈನು ಹಿಗ್ಗಿದೆ ಎನ್ನುವುದು ರೂಢಿಯ ಮಾತು. ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಪಿನ್ನು ಸವೆಯುತ್ತದೆ, ಅದು ತಿರುಗುವ ಒಳಪಟ್ಟಿಯ ತೂತು ಅಗಲವಾಗುತ್ತದೆ. ಒಂದೊಂದು ಕೀಲಿನಲ್ಲಿ ಕೂದಲೆಳೆಯಷ್ಟೂ ಇಲ್ಲದ ಸಡಿಲ, ನೂರಕ್ಕೂ ಹೆಚ್ಚು ಕೀಲುಗಳಲ್ಲಿ ಕೂಡುತ್ತಾ ಹೋಗುತ್ತದೆ.

ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹಾಗಾಗಿ 24 ಅಂತರಗಳಿಗೆ ಸರಿಯಾಗಿ 12 ಇಂಚು. ಪೆಡಲನ್ನು ಒತ್ತಿ ಹಿಡಿದು ಚೈನು ಬಿಗಿಯಾಗಿರುವಾಗ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗಿಡಿ. ಆ ತುದಿಯ ಪಿನ್ನು 12ರ ಗೆರೆಯನ್ನು ಒಂದೂವರೆ ಮಿ.ಮೀ. ದಾಟಿದ್ದರೆ ಸವೆತ ಅರ್ಧ ಶೇಕಡಾ. 11, 12 ಗೇರುಗಳ ಸೈಕಲ್ಲಾದರೆ ಆ ದಿನವೇ ಬದಲಿಸಿ. ಒಂದೇ ಗೇರಿನ ದಪ್ಪ ಚೈನು 3 ಮಿ.ಮೀ. ತನಕ ತಾಳಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ಚೈನು ಗೇಜುಗಳಿಗಿಂತ ನನಗೆ ಸ್ಕೇಲಿನ ಮೇಲೇ ನಂಬಿಕೆ. ಹೆಚ್ಚಿನ ಗೇಜುಗಳು ಎರಡು ರೋಲರುಗಳನ್ನು ಎದುರುಬದುರು ತಳ್ಳಿ ಅಳೆಯುತ್ತವೆ. ರೋಲರಿನ ಸಡಿಲವೂ ಲೆಕ್ಕಕ್ಕೆ ಸೇರಿ, ಚೆನ್ನಾಗಿರುವ ಚೈನೂ ಸವೆದಂತೆ ತೋರುತ್ತದೆ.

ಇಷ್ಟು ಹಟ ಏಕೆಂದರೆ, ಉದ್ದವಾದ ಚೈನು ಸುಮ್ಮನಿರುವುದಿಲ್ಲ, ಕ್ಯಾಸೆಟ್ಟಿನ ಹಲ್ಲುಗಳನ್ನೂ ತನ್ನ ಅಳತೆಗೆ ಕೊರೆದುಕೊಳ್ಳುತ್ತದೆ. ಒಮ್ಮೆ ನಾನು ಇನ್ನೊಂದು ತಿಂಗಳು, ಮತ್ತೊಂದು ತಿಂಗಳು ಎಂದು ಮುಂದೂಡಿದೆ. ಕೊನೆಗೆ ಹೊಸ ಚೈನು ಹಾಕಿ ಏರಿನಲ್ಲಿ ಎದ್ದು ನಿಂತು ತುಳಿದಾಗ ಅದು ಹಳೆಯ ಹಲ್ಲುಗಳ ಮೇಲೆ ಟಕ್ಕನೆ ಹಾರಿತು, ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಚೈನಿಗಿಂತ ಎಷ್ಟೋ ದುಬಾರಿಯಾದ ಕ್ಯಾಸೆಟ್ಟನ್ನೂ ಕೊಳ್ಳಬೇಕಾಯಿತು. ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು ಎಂದು ಓದುಗರು ಕೇಳುತ್ತಾರೆ. ಕೆಸರಲ್ಲಿ ಓಡಿದ್ದಕ್ಕೂ ಒಣ ಡಾಂಬರಿನಲ್ಲಿ ಓಡಿದ್ದಕ್ಕೂ ಒಂದೇ ಸಂಖ್ಯೆ ಹೇಳಲು ನನಗೆ ಮನಸ್ಸು ಬಾರದು.

ಬಿಚ್ಚಿದ ಚೈನನ್ನು ಎಸೆಯುವ ಮುನ್ನ ಅಷ್ಟೇ ಕೊಂಡಿಗಳ ಹೊಸದರ ಜೊತೆ ಒಂದೇ ಮೊಳೆಗೆ ತೂಗುಹಾಕಿ ನೋಡಿ. ಅರ್ಧ ಶೇಕಡಾ ಸವೆದದ್ದು ಕೆಳತುದಿಯಲ್ಲಿ ಸುಮಾರು 7 ಮಿ.ಮೀ. ಜೋತುಬಿದ್ದಿರುತ್ತದೆ.