ತಾಯಿಗಿಡಕ್ಕೊಂದು ಮನೆ ಬೇಕು

ರಾಯಚೂರು ಜಿಲ್ಲೆಯ ಹಟ್ಟಿ, ಲಿಂಗಸುಗೂರು, ಮುದಗಲ್ ಸುತ್ತಿನ ದಾಳಿಂಬೆ ತೋಟಗಳಲ್ಲಿ ಗೂಟಿ ಸಸಿಗಳದ್ದೇ ಕಾರುಬಾರು. ಗೂಟಿ ಕಟ್ಟುವವರ ಕೈಚಳಕದ ಬಗ್ಗೆ ನನಗೆ ತಕರಾರಿಲ್ಲ. ಪೆನ್ಸಿಲ್ ದಪ್ಪದ ಟೊಂಗೆ ಆರಿಸಿ, ಒಂದು ಅಂಗುಲ ತೊಗಟೆಯನ್ನು ಸುತ್ತಲೂ ಸುಲಿದು, ಬೇರು ಚೋದಕ ಸವರಿ, ಒದ್ದೆ ಪಾಚಿ ಹಚ್ಚಿ ಪ್ಲಾಸ್ಟಿಕ್ಕಿನಿಂದ ಬಿಗಿಯುತ್ತಾರೆ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕ ಕೆಳಗಿಳಿಯಬೇಕಲ್ಲ, ಅದು ಗಾಯದ ಮೇಲಂಚಿನಲ್ಲಿ ತಡೆದು ನಿಲ್ಲುತ್ತದೆ. ಒಳಗಿನ ಕಟ್ಟಿಗೆ ನೀರನ್ನು ಮಾತ್ರ ಎಂದಿನಂತೆ ಮೇಲೇರಿಸುತ್ತಿರುತ್ತದೆ. ತಿಂಗಳು, ಒಂದೂವರೆ ತಿಂಗಳಲ್ಲಿ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಾಣಿಸುತ್ತದೆ. ಮಳೆಗಾಲದಲ್ಲಂತೂ ಗೂಟಿ ಸೋಲುವುದೇ ಅಪರೂಪ.

ಆದರೆ ಬೇರು ಬಂದದ್ದನ್ನೇ ಯಶಸ್ಸೆಂದು ಲೆಕ್ಕ ಹಾಕುವ ಈ ಪದ್ಧತಿ, ಟೊಂಗೆ ಯಾವ ಗಿಡದ್ದು ಎಂದು ಕೇಳುವುದೇ ಇಲ್ಲ. ಹಣ್ಣು ಬಿಡುವ ತೋಟವೇ ಇಲ್ಲಿ ತಾಯಿಗಿಡಗಳ ತೋಟವೂ ಹೌದು. ಫಸಲು ಮುಗಿದ ಮೇಲೆ ಅದೇ ಗಿಡಗಳಿಗೆ ಗೂಟಿ, ಚಾಟ್ನಿಯಲ್ಲಿ, ಅಂದರೆ ಟೊಂಗೆ ಸವರುವಾಗ, ಬಿದ್ದ ಕಡ್ಡಿಗಳನ್ನು ಚೀಲದಲ್ಲಿ ಊರುವುದೂ ಉಂಟು. 2000ದ ದಶಕದಲ್ಲಿ ಕೊಪ್ಪಳ, ಬಾಗಲಕೋಟೆ, ಬಳ್ಳಾರಿ, ರಾಯಚೂರು ಭಾಗದ ತೋಟಗಳನ್ನು ದುಂಡಾಣು ಅಂಗಮಾರಿ ನೆಲಕಚ್ಚಿಸಿತು. ಎಲೆಯ ಮೇಲೆ ನೀರುಂಡ ಚುಕ್ಕೆ, ಗೆಣ್ಣಿನಲ್ಲಿ ಕಪ್ಪು ಗಾಯ, ಕಾಯಿಯ ಮೇಲೆ ನಕ್ಷತ್ರದಂತೆ ಸೀಳಿದ ಬಿರುಕು. ಈ ಗುರುತುಗಳನ್ನು ನೋಡದ ದಾಳಿಂಬೆ ರೈತ ಇಲ್ಲಿಲ್ಲ. ಮಳೆಹನಿ ಸಿಡಿದು, ಕತ್ತರಿ ತಾಗಿ ರೋಗ ಗಿಡದಿಂದ ಗಿಡಕ್ಕೆ ದಾಟುತ್ತದೆ, ನಿಜ. ಹೊಸ ಊರಿಗೆ, ಹೊಸ ಹೊಲಕ್ಕೆ ಅದನ್ನು ಹೊತ್ತೊಯ್ಯುವುದು ಮಾತ್ರ ಸಸಿಯೇ. ಮೇಲ್ನೋಟಕ್ಕೆ ಆರೋಗ್ಯವಾಗಿ ಕಾಣುವ ಟೊಂಗೆಯಲ್ಲೂ ದುಂಡಾಣು ಅಡಗಿರಬಲ್ಲದು. ಗೂಟಿಗೆ ಮಳೆಗಾಲವೇ ಸೂಕ್ತ, ರೋಗಕ್ಕೂ ಮಳೆಗಾಲವೇ ಸೂಕ್ತ. ಈ ಪದ್ಧತಿಯ ದೊಡ್ಡ ದೋಷ ಇಲ್ಲಿದೆ.

ತಾಯಿಗಿಡವನ್ನು ಸೂರಿನಡಿ ತಂದರೆ ಈ ಗಂಟು ಬಿಚ್ಚುತ್ತದೆ. ಮೇಲೆ ಮಳೆ ತಡೆಯುವ ಹೊದಿಕೆ, ಸುತ್ತ ಕೀಟ ನುಸುಳದ ಪರದೆ, ಬುಡಕ್ಕೆ ಹನಿ ನೀರು. ಎಲೆಯ ಮೇಲೆ ಒಂದು ಹನಿಯೂ ಬೀಳಬಾರದು. ಆ ಗಿಡದಿಂದ ಹಣ್ಣಿನ ಆಸೆ ಇಟ್ಟುಕೊಳ್ಳಬಾರದು. ಹೂ ಚಿವುಟಿ, ಆಗಾಗ ಹಿಂದಕ್ಕೆ ಸವರುತ್ತಿದ್ದರೆ ಎಳೆಯ ಚಿಗುರು ಬರುತ್ತಲೇ ಇರುತ್ತದೆ, ಎಳೆಯ ಟೊಂಗೆ ಬೇಗ ಬೇರೊಡೆಯುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುವುದು ತಪ್ಪಬಾರದು. ಕಡ್ಡಿಗಳನ್ನು ಮಂಜು ಸಿಂಪಡಿಸುವ ಕೋಣೆಯಲ್ಲಿಟ್ಟರೆ ಮಳೆಗಾಲಕ್ಕೆ ಕಾಯಬೇಕಾಗಿಲ್ಲ. ಬೇರಿಲ್ಲದ ಕಡ್ಡಿ ಹಟ್ಟಿಯ ಒಣಗಾಳಿಯಲ್ಲಿ ಬೇರು ಬಿಡುವ ಮೊದಲೇ ಬಾಡುತ್ತದೆ, ಹಾಗಾಗಿ ಈ ಕೋಣೆ ಇಲ್ಲಿ ಶೋಕಿಯಲ್ಲ.

ಗಿಡದಂತೆ ಚೀಲದ ಮಣ್ಣೂ ಶುದ್ಧವಿರಬೇಕು, ಅದಕ್ಕೆ ಇಲ್ಲಿಯ ಬಿಸಿಲೇ ಕೆಲಸಕ್ಕೆ ಬರುತ್ತದೆ. ಸೊರಗು ರೋಗದ ಶಿಲೀಂಧ್ರ, ಬೇರುಗಂಟಿನ ಜಂತುಹುಳು ಎರಡೂ ಚೀಲದ ಮಣ್ಣಿನಲ್ಲಿ ಕೂತು ಬರುತ್ತವೆ. ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಒದ್ದೆ ಮಣ್ಣನ್ನು ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ಅವುಗಳ ಹಾವಳಿ ಬಹಳಷ್ಟು ತಗ್ಗುತ್ತದೆ.

ಅಂಗಾಂಶ ಕೃಷಿಯ ಸಸಿ ಇರುವಾಗ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಅದು ಶುದ್ಧವಾಗಿ ಬರುತ್ತದೆ, ಆದರೆ ಬೆಲೆ ಹೆಚ್ಚು. ಪಕ್ಕದ ಹೊಲದಲ್ಲಿ ರೋಗವಿದ್ದರೆ ಅದಕ್ಕೂ ತಗಲುತ್ತದೆ. ಇಲ್ಲಿ ಬೆಳೆಯುವ ಭಗವಾ ತಳಿಯ ಗಿಡಗಳೆಲ್ಲ ಒಂದೇ ಗುಣದವು, ಹೇಗೆ ಹುಟ್ಟಿಸಿದರೂ ಅಂಗಮಾರಿಗೆ ತಲೆಬಾಗುವವೇ. ಎರಡೆಕರೆಯ ರೈತನಿಗೆ ಗೂಟಿಯೇ ಗತಿ. ಅವನೊಬ್ಬನೇ ಪರದೆ ಮನೆ ಕಟ್ಟಲಾರ ಎಂಬುದೂ ಸತ್ಯ. ಸೋಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಇವೆ. ಇವುಗಳ ನೆರವಿನಿಂದ, ಪರೀಕ್ಷಿಸಿದ ಹತ್ತಿಪ್ಪತ್ತು ತಾಯಿಗಿಡಗಳ ಒಂದು ಮನೆ ಹೋಬಳಿಗೊಂದರಂತೆ ಆದರೂ ಸಾಕು. ಅಲ್ಲಿಂದ ಹೊರಡುವ ಪ್ರತಿ ಚೀಲಕ್ಕೂ ತಾಯಿಗಿಡದ ಸಂಖ್ಯೆ, ಗೂಟಿ ಕಟ್ಟಿದ ದಿನ, ಗಿಡವನ್ನು ಕೊನೆಯ ಸಲ ಪರೀಕ್ಷಿಸಿದ ತಿಂಗಳು ಬರೆದ ಚೀಟಿ ಇರಬೇಕು. ಚೀಟಿಯಿಲ್ಲದ ಸಸಿಯನ್ನು ಅಗ್ಗಕ್ಕೆ ಕೊಟ್ಟರೂ ರೈತರು ಕೊಳ್ಳಬಾರದು.